ತುಂಬ ಒಳ್ಳೇದಾಯ್ತು

ಬಸ್ಸಿನ ಡ್ರೈವರ್ ಹಿಂತಿರುಗಿ ಏನೋ ಹೇಳಿದ. ಅವಳು ತಲೆಯಾಡಿಸಿ ನಕ್ಕಳು. ಉಳಿದವರೆಲ್ಲ ಗೊಣಗುತ್ತ ಇಳಿದುಹೋದರು. ಅದೇನೂ ಅವಳಿಗೆ ವಿಶೇಷವೆನಿಸಲಿಲ್ಲ. ಈ ದೇಶಕ್ಕೆ ಓದಲು ಬಂದ ಮೂರು ತಿಂಗಳಲ್ಲಿ, ತನಗೊಬ್ಬಳಿಗೆ ಕೇಳಿಸದ ಯಾವುದೋ ಗಂಟೆ ಬಾರಿಸಿದ ಹಾಗೆ ಜನ ಥಟ್ಟನೆ ಎದ್ದು ನಿಲ್ಲುವುದು, ಒಟ್ಟಿಗೆ ನಗುವುದು, ಚದುರಿಹೋಗುವುದು ಅವಳಿಗೆ ರೂಢಿಯಾಗಿತ್ತು. ಸ್ವಲ್ಪ ತಡೆದು ತಾನೂ ಎದ್ದರೆ, ಸ್ವಲ್ಪ ತಡೆದು ತಾನೂ ನಕ್ಕರೆ ಹೇಗೋ ದಿನ ಕಳೆಯುತ್ತಿತ್ತು. ಇವತ್ತು ತಡೆದದ್ದು ಹೆಚ್ಚಾಯಿತು. ಡ್ರೈವರ್ ಎಂಜಿನ್ ಆರಿಸಿ, ಕೋಟು ಹೆಗಲಿಗೆ ಹಾಕಿಕೊಂಡು ಹಿಂದಿನ ಸೀಟಿನವರೆಗೆ ನಡೆದು ಬಂದು, ಮಗುವಿಗೆ ಉಣಿಸುವವನಂತೆ ಒಂದೊಂದೇ ಶಬ್ದ ಬಿಡಿಸಿ ಹೇಳಿದ: “ಬಸ್ಸು ಕೆಟ್ಟಿದೆ. ಮುಂದೆ ಹೋಗಲ್ಲ. ಆಗ್ಲೇ ಹೇಳಿದ್ನಲ್ಲ. ನೀವೇ ಎಲ್ಲರಿಗಿಂತ ಮೊದಲು ಹೂಂ ಅಂದ್ರಿ.” ಅವಳು ಅದಕ್ಕೂ ತಲೆಯಾಡಿಸಿ, ಚೀಲ ಎದೆಗೊತ್ತಿಕೊಂಡು ಇಳಿದಳು. ಮೂವತ್ತಾರು ವರ್ಷದ ಹೆಂಗಸು. ತನ್ನ ಊರಿನ ಮಣ್ಣು ಪರೀಕ್ಷಾ ಕಚೇರಿಯಲ್ಲಿ ಹನ್ನೊಂದು ವರ್ಷ ಅಧಿಕಾರಿಯಾಗಿದ್ದವಳು. ಅಲ್ಲಿ ಅವಳು ಬಾಯಿ ತೆರೆದರೆ ಕ್ಯೂ ಸುಮ್ಮನಾಗುತ್ತಿತ್ತು. ಮಣ್ಣಿನ ಮೇಡಂ ಎಂದು ಕರೆಯುತ್ತಿದ್ದರು. ಇಲ್ಲಿ ಅವಳ ಮೈಯಲ್ಲಿ ಕೆಲಸ ಮಾಡುತ್ತಿದ್ದದ್ದು ಕತ್ತು ಒಂದೇ.

ನಡೆಯತೊಡಗಿದಾಗ ಫೋನು ಗುಂಯ್‌ಗುಟ್ಟಿತು. ಪ್ರೊಫೆಸರರ ಮೇಲ್. ಅವಳು ಒಂದು ಚಪ್ಪಲಿ ಅಂಗಡಿಯ ಮುಂದೆ ನಿಂತು ಓದಿದಳು. ಓದುವುದಕ್ಕೇನೂ ತೊಂದರೆಯಿರಲಿಲ್ಲ. ಕಾಗದದ ಮೇಲೆ ಈ ಭಾಷೆ ಕಟ್ಟಿಹಾಕಿದ ಎಮ್ಮೆಯಂತೆ ಸುಮ್ಮನೆ ನಿಲ್ಲುತ್ತಿತ್ತು. ಸುತ್ತು ಬಂದು ಕೊಂಬು, ಬಾಲ, ಗೊರಸು ಎಲ್ಲ ನೋಡಬಹುದಿತ್ತು. ಜನರ ಬಾಯಿಗೆ ಬಿದ್ದೊಡನೆ ಅದಕ್ಕೆ ರೆಕ್ಕೆ ಬರುತ್ತಿತ್ತು. ಮೇಲ್ ಚಿಕ್ಕದಾಗಿತ್ತು. ‘ಸೋಮವಾರ ನಾನು ವಿಷಯ ಹೇಳಿದ ಕೂಡಲೇ ನೀವು ಸಂತೋಷದಿಂದ ಒಪ್ಪಿಕೊಂಡಿದ್ದಕ್ಕೆ ಧನ್ಯವಾದ. ಇಪ್ಪತ್ತಮೂರು ವರ್ಷ ನಮ್ಮ ಮಣ್ಣಿನ ಲ್ಯಾಬನ್ನು ನೋಡಿಕೊಂಡವರ ಹುದ್ದೆಯನ್ನು ವಿಶ್ವವಿದ್ಯಾಲಯ ಈ ತಿಂಗಳ ಕೊನೆಗೆ ತೆಗೆದುಹಾಕುತ್ತಿದೆ. ಆಮೇಲೆ ಆ ಜವಾಬ್ದಾರಿ ನಿಮ್ಮದು. ಇವತ್ತು ಮೂರು ಗಂಟೆಗೆ ನನ್ನ ಕೋಣೆಗೆ ಬಂದು ಸಹಿ ಮಾಡಿ.’ ಅವಳು ಇನ್ನೊಮ್ಮೆ ಓದಿದಳು. ಮೂರನೆಯ ಸಲವೂ ಓದಿದಳು. ಗಾಜಿನ ಹಿಂದೆ ಜೊತೆಜೊತೆಯಾಗಿ ಇಟ್ಟಿದ್ದ ಚಪ್ಪಲಿಗಳೆಲ್ಲ ತನ್ನ ಕಡೆಗೇ ಮುಖ ಮಾಡಿ ನಿಂತಿವೆ ಎನಿಸಿತು.

ಸೋಮವಾರ. ಮೆಟ್ಟಿಲು ತಿರುಗುವಲ್ಲಿ ಪ್ರೊಫೆಸರರು ಲ್ಯಾಬಮ್ಮನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದರು. ಲ್ಯಾಬಮ್ಮ ಎಂದು ಹೆಸರಿಟ್ಟವಳು ಇವಳೇ, ಮನಸ್ಸಿನೊಳಗೆ. ಅರವತ್ತರ ಹತ್ತಿರದ ಹೆಂಗಸು, ಕತ್ತರಿಸಿದ ಬಿಳಿಕೂದಲು, ಗಂಡಸಿನ ಬೂಟು, ಜೇಬಿನಲ್ಲಿ ಬೀಗದ ಕೈಗೊಂಚಲು. ಸೋಮವಾರ ಅವರ ಕೈಯಲ್ಲಿ ಜರಡಿಗಳ ತಟ್ಟೆ ಇತ್ತು. ಪ್ರೊಫೆಸರರು ಇವಳನ್ನು ನೋಡಿ ತಗ್ಗಿದ ದನಿಯಲ್ಲಿ, ತುಟಿಯ ಒಂದು ಕೊನೆಯನ್ನು ಮಾತ್ರ ಮೇಲೆತ್ತಿ, ಬಹಳ ಹೊತ್ತು ಮಾತಾಡಿದರು. ಇವಳ ಬಲೆಗೆ ಬಿದ್ದದ್ದು ಮೂರೇ ಮೀನು: ‘ಇಪ್ಪತ್ತಮೂರು ವರ್ಷ’, ‘ತಿಂಗಳ ಕೊನೆಗೆ’, ‘ನೀವು’. ಮೂರನ್ನೂ ಸೇರಿಸಿ ಇವಳೇ ಅಡುಗೆ ಮಾಡಿದಳು. ಹೆಗಲ ಮೇಲೆ ಕೈ, ಇಪ್ಪತ್ತಮೂರು ವರ್ಷದ ಸೇವೆ, ತಿಂಗಳ ಕೊನೆಗೆ ಏನೋ ಸಮಾರಂಭ. ಏನೋ ಪ್ರಶಸ್ತಿ ಬಂದಿರಬೇಕು. ನೀವೂ ಬನ್ನಿ ಅನ್ನುತ್ತಿರಬೇಕು. “ತುಂಬ ಒಳ್ಳೇದಾಯ್ತು, ತುಂಬ ಒಳ್ಳೇದಾಯ್ತು” ಅಂದಳು. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ತಟ್ಟೆಯಿಂದ ಲ್ಯಾಬಮ್ಮನ ಬಲಗೈಯನ್ನು ಬಿಡಿಸಿಕೊಂಡು, ತನ್ನ ಎರಡೂ ಕೈಗಳಲ್ಲಿ ಹಿಡಿದು ಕುಲುಕಿ, ಭಾಷೆ ಕಲಿಸುವ ಪುಸ್ತಕದಲ್ಲಿ ‘ಅಭಿನಂದನೆಗಳು’ ಎಂಬ ಪಾಠದಿಂದ ಉರುಹೊಡೆದಿದ್ದ ವಾಕ್ಯವನ್ನು ಒಂದಕ್ಷರ ತಪ್ಪದೆ ಹೇಳಿದ್ದಳು: “ನಿಮಗೆ ತಕ್ಕದ್ದೇ ಸಿಕ್ಕಿತು.” ಆ ವಾಕ್ಯದ ಉಚ್ಚಾರ ಎಷ್ಟು ಸರಿಯಾಗಿ ಬಂತೆಂದರೆ ಅವತ್ತು ಕೋಣೆಗೆ ಹೋಗುವವರೆಗೂ ಅವಳಿಗೆ ಅದರದೇ ಖುಷಿ. ಈಗ ಚಪ್ಪಲಿ ಅಂಗಡಿಯ ಮುಂದೆ, ನಾಲ್ಕು ದಿನ ತಡವಾಗಿ, ಆ ಬಲಗೈ ಹೇಗಿತ್ತು ಎನ್ನುವುದು ಅವಳ ಅಂಗೈಗೆ ನೆನಪಾಯಿತು. ಅದು ಸತ್ತ ಹಕ್ಕಿಯಂತೆ ಇತ್ತು. ಇವಳು ಕುಲುಕಿದಷ್ಟೂ ಕುಲುಕಿಸಿಕೊಂಡಿತ್ತು.

ಹಾಗಾದರೆ ಮಂಗಳವಾರ ಬೀಗದ ಕೈ ಕೇಳಿದಾಗ ಲ್ಯಾಬಮ್ಮ ಅದನ್ನು ಕೈಗೆ ಕೊಡದೆ ಮೇಜಿನ ಮೇಲೆ ಜಾರಿಸಿದ್ದು ಇದಕ್ಕೆ. ಇವಳು ರಾತ್ರಿಯೆಲ್ಲ ಜರಡಿ ಸರಿಯಾಗಿ ತೊಳೆದಿರಲಿಲ್ಲವೇನೋ ಎಂದು ಕೊರಗಿದ್ದಳು. ಬುಧವಾರದಿಂದ ಲ್ಯಾಬಮ್ಮ ಕಪಾಟು, ಖಾನೆ, ಡಬ್ಬಿ ಎಲ್ಲದರ ಮೇಲೂ ದಪ್ಪ ಪೆನ್ನಿನಲ್ಲಿ ದಪ್ಪದಪ್ಪ ಅಕ್ಷರ ಬರೆದು ಚೀಟಿ ಅಂಟಿಸತೊಡಗಿದ್ದರು. ‘ಚಿಕ್ಕ ಜರಡಿ.’ ‘ದೊಡ್ಡ ಜರಡಿ.’ ‘ಒದ್ದೆ ಬಟ್ಟೆ ಇಲ್ಲಿ.’ ತನ್ನನ್ನು ಒಂದನೇ ಕ್ಲಾಸಿನ ಮಗುವಿನ ಹಾಗೆ ಅಣಕಿಸುತ್ತಿದ್ದಾರೆ ಎಂದು ಇವಳಿಗೆ ಅವಮಾನವಾಗಿತ್ತು. ಅವಮಾನವಲ್ಲ, ಅದು ವಹಿಸಿಕೊಡುವುದು. ಇಪ್ಪತ್ತಮೂರು ವರ್ಷ ಕಣ್ಣುಮುಚ್ಚಿ ಕೈಹಾಕುತ್ತಿದ್ದ ಖಾನೆಗಳಿಗೆ, ತನ್ನ ಜಾಗಕ್ಕೆ ಬರುವವಳಿಗಾಗಿ, ತನ್ನ ಕೈಯಾರೆ ಚೀಟಿ ಅಂಟಿಸಿಕೊಡುವುದು. ಆ ಬರುವವಳು ಪಕ್ಕದ ಮೇಜಿನಲ್ಲೇ ಮುಖ ಊದಿಸಿಕೊಂಡು ಕೂತಿದ್ದಳು.

ಲ್ಯಾಬಿಗೆ ಬಂದಾಗ ಹನ್ನೊಂದಾಗಿತ್ತು. ಲ್ಯಾಬಮ್ಮ ಕಿಟಕಿಯ ಪಕ್ಕದ ಖಾನೆಗೆ ಚೀಟಿ ಬರೆಯುತ್ತಿದ್ದರು, ಬೆನ್ನು ಹಾಕಿಕೊಂಡು. ಹೋಗಿ ಹೇಳಿಬಿಡಬೇಕು. ಏನಂತ? ಅವತ್ತು ಅರ್ಥವಾಗಲಿಲ್ಲ ಎಂದರೆ, ಮತ್ತೆ ಯಾವತ್ತು ಅರ್ಥವಾಗಿತ್ತು ಎನ್ನುವ ಪ್ರಶ್ನೆ ಬರುತ್ತದೆ. ಅವಳಿಗೆ ಈ ಸೀಟು, ವಿದ್ಯಾರ್ಥಿವೇತನ, ವೀಸಾ ಎಲ್ಲ ಸಿಕ್ಕಿದ್ದು ‘ಭಾಷೆ ಚೆನ್ನಾಗಿ ಬಲ್ಲರು’ ಎನ್ನುವ ಒಂದು ಕಾಗದದ ಮೇಲೆ. ಕಂಪ್ಯೂಟರಿನಲ್ಲಿ ಇಂಟರ್‌ವ್ಯೂ ನಡೆದ ದಿನ ಎದುರುಗೋಡೆಯ ತುಂಬ ಉತ್ತರಗಳನ್ನು ಬರೆದು ಅಂಟಿಸಿದ್ದಳು. ಟೈಲರಿಂಗ್ ಮಾಡುವ ತಂಗಿ ಕುರ್ಚಿ ಹತ್ತಿ ನಿಂತು, ಪ್ರಶ್ನೆಯಲ್ಲಿ ಕೇಳಿಸಿದ ಒಂದೊಂದು ಶಬ್ದ ಹಿಡಿದು, ಬಟ್ಟೆ ಅಳೆಯುವ ಸ್ಕೇಲಿನಿಂದ ಇದು, ಅಲ್ಲಲ್ಲ ಇದು ಎಂದು ತೋರಿಸಿದ್ದಳು. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅವಳು ಕೋಟು ಹಾಕಿಕೊಂಡು ಕೆಲಸಕ್ಕೆ ನಿಂತಳು. ಕೆಲಸ ಒಂದಕ್ಕೆ ಭಾಷೆ ಬೇಕಿರಲಿಲ್ಲ. ಒಣಗಿಸಿ ಜರಡಿ ಹಿಡಿದ ಮಣ್ಣನ್ನು ಮೊಳದುದ್ದದ ಗಾಜಿನ ಕೊಳವೆಯ ನೀರಿನಲ್ಲಿ ಕದಡಿ, ತೇಲುವ ಅಳತೆಕಡ್ಡಿ ಬಿಟ್ಟು, ನಲವತ್ತು ಸೆಕೆಂಡಿಗೆ ಒಂದು ಸಲ, ಎರಡು ಗಂಟೆಗೆ ಇನ್ನೊಂದು ಸಲ ಗುರುತು ಬರೆದುಕೊಳ್ಳಬೇಕು. ಮರಳು ತಕ್ಷಣ ತಳ ಸೇರುತ್ತದೆ. ಜೇಡಿಮಣ್ಣು ಗಂಟೆಗಟ್ಟಲೆ ಸುಮ್ಮನೆ ತೇಲುತ್ತದೆ. ಆರು ಕೊಳವೆ ಸಾಲಾಗಿ ನಿಲ್ಲಿಸಿ ಮುಂದೆ ಕೂತಳು. ಒಂದೂವರೆಗೆ ಎರಡನೇ ಗುರುತು. ಒಂದೂವರೆಯವರೆಗೆ ಏನೂ ಮಾಡಬೇಕಾಗಿಲ್ಲ ಎಂಬ ನೆಪ ಸಿಕ್ಕಿತು.

ಊರಿನ ಕಚೇರಿಗೆ ಒಬ್ಬ ಅಜ್ಜಿ ವರ್ಷವರ್ಷವೂ ಬರುತ್ತಿದ್ದಳು, ಹೊಲದ ನಾಲ್ಕು ಮೂಲೆಯ ಮಣ್ಣನ್ನು ಹಳೆಯ ರವಿಕೆಯ ತೋಳಿನಲ್ಲಿ ಕಟ್ಟಿಕೊಂಡು. ರಿಪೋರ್ಟಿನಲ್ಲಿರುವುದನ್ನು ಇವಳು ಓದಿ ಹೇಳುತ್ತಿದ್ದಳು: ಕ್ಷಾರ ಇಷ್ಟು, ಸುಣ್ಣ ಬೇಡ, ಜಿಪ್ಸಂ ಹಾಕಿ, ಎಕರೆಗೆ ಇಷ್ಟು, ಬಿತ್ತುವುದಕ್ಕೆ ಇಷ್ಟು ದಿನ ಮುಂಚೆ. ಅಜ್ಜಿ ಒಂದೊಂದಕ್ಕೂ “ಆಗ್ಲಿ ತಾಯಿ, ಆಗ್ಲಿ” ಎಂದು ತಲೆಯಾಡಿಸುತ್ತಿದ್ದಳು, ಕಣ್ಣು ರಿಪೋರ್ಟಿನ ಮೇಲಲ್ಲ, ಇವಳ ಬಾಯಿಯ ಮೇಲೆ. ಅಜ್ಜಿಗೆ ಒಂದು ಅಕ್ಷರವೂ ಇಳಿದಿಲ್ಲ ಎಂದು ಇವಳಿಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೇ ಮುಂದಿನವರನ್ನು ಕರೆದಿದ್ದಳು. ಹಿಂದೆ ಹದಿನೈದು ಜನ ನಿಂತಿದ್ದರು. ಮರುವರ್ಷ ಅಜ್ಜಿ ಅದೇ ರವಿಕೆ ತೋಳಿನಲ್ಲಿ ಅದೇ ಮಣ್ಣು ತಂದಾಗ, ಹೋದ ಸಲ ಹೇಳಿದ್ದು ಮಾಡಿದಿರಾ ಎಂದು ಕೇಳಿದಳು. “ಸುಣ್ಣ ಹಾಕ್ದೆ ತಾಯಿ, ನೀವು ಹೇಳಿದಂಗೆ” ಅಂದಳು ಅಜ್ಜಿ, ಮೆಚ್ಚುಗೆ ಕಾಯುವ ಮುಖದಲ್ಲಿ. ಇವಳು ರೇಗಿದಳು. ಕ್ಯೂ ನಕ್ಕಿತು. ಅಜ್ಜಿಯೂ ಕ್ಯೂ ನಗುತ್ತಿದೆಯಲ್ಲ ಎಂದು ತಾನೂ ನಕ್ಕಳು, ಸ್ವಲ್ಪ ತಡೆದು.

ಹನ್ನೆರಡೂವರೆಗೆ ತಾಳಲಾಗದೆ ಹೆಂಗಸರ ಟಾಯ್ಲೆಟ್ಟಿಗೆ ಹೋಗಿ ಚಿಲಕ ಹಾಕಿಕೊಂಡು ತಂಗಿಗೆ ಫೋನು ಮಾಡಿದಳು.

“ಅಕ್ಕಾ, ಇದಕ್ಕೆ ಯಾಕೆ ಅಳ್ತೀಯ? ಆ ಯಮ್ಮನ್ನ ಕೆಲಸದಿಂದ ತೆಗೆದಿದ್ದು ನೀನಾ?”

“ನಾನಲ್ಲ.”

“ನೀನು ಬೇಡ ಅಂದ್ರೆ ಅವರನ್ನ ಇಟ್ಕೋತಾರಾ?”

“ಇಲ್ಲ.”

“ಮತ್ತೆ? ತೆಪ್ಪಗೆ ಹೋಗಿ ಸಹಿ ಹಾಕು. ಅರ್ಥ ಆಗಲ್ಲ ಗಿರ್ಥ ಆಗಲ್ಲ ಅಂತ ಬಾಯಿ ಬಿಟ್ಟೆ ಅಂದ್ರೆ ಮುಂದಿನ ವಿಮಾನಕ್ಕೆ ಹತ್ತಿಸಿ ಕಳಿಸ್ತಾರೆ. ಇಲ್ಲಿ ಎಲ್ಲಾರ ಬಾಯಲ್ಲೂ ನೀನೇ. ನಿನ್ನೆ ರವಿಕೆ ಕೊಡಕ್ಕೆ ಬಂದೋರು, ನಿಮ್ಮಕ್ಕ ಅವರ ಭಾಷೇಲೇ ಪಾಠ ಮಾಡ್ತಾರಂತಲ್ಲ ಅಂದ್ರು. ನಾನೂ ಹೂಂ ಅಂದೆ.”

“ನಾನು ಯಾವಾಗ ಪಾಠ ಮಾಡಿದೆ?”

“ನಂಗೇನು ಗೊತ್ತು? ಅವರು ಅಂದ್ರು, ನಾನು ಹೂಂ ಅಂದೆ. ಇಬ್ಬರ ಮರ್ಯಾದೇನೂ ಉಳೀತು.” ಹೊಲಿಗೆ ಮಿಷನ್ನಿನ ಸದ್ದು ಸ್ವಲ್ಪ ಹೊತ್ತು ನಿಂತಿತು. “ಅಕ್ಕಾ. ಊಟ ಮಾಡಿದ್ಯಾ?”

ಮಾಡಿದೆ ಎಂದಳು. ಮಾಡಿರಲಿಲ್ಲ. ಮುಖ ತೊಳೆದುಕೊಂಡು ಕನ್ನಡಿ ನೋಡಿದಾಗ, ಅಲ್ಲಿ ಯಾರೂ ಏನೂ ಹೇಳದೆಯೇ ಮುಖ ತಾನಾಗಿ ಮುಗುಳ್ನಗುತ್ತಿತ್ತು. ಕನ್ನಡಿಯಲ್ಲಿ ಮನುಷ್ಯರ ಮುಖ ಕಂಡರೆ ಸಾಕು ಎನ್ನುವಂತೆ, ಚರ್ಮಕ್ಕೇ ಅಂಟಿಕೊಂಡ ನಗು. ಅವಳಿಗೆ ನಿಜವಾಗಿ ಭಯವಾದದ್ದು ಆಗ. ಎರಡು ಬೆರಳಿನಿಂದ ತುಟಿಯ ಕೊನೆಗಳನ್ನು ಕೆಳಗೆ ಎಳೆದಳು. ಬಿಟ್ಟೊಡನೆ ಮತ್ತೆ ಮೇಲೆ ಹೋದವು.

ಒಂದೂವರೆಯ ಗುರುತುಗಳನ್ನು ಬರೆದುಕೊಂಡ ಮೇಲೆ ನೆಪ ಉಳಿಯಲಿಲ್ಲ. ಅವಳು ಎದ್ದು ಲ್ಯಾಬಮ್ಮನ ಬೆನ್ನ ಹಿಂದೆ ಹೋಗಿ ನಿಂತಳು. “ಸೋಮವಾರ ಪ್ರೊಫೆಸರ್ ಹೇಳಿದ್ದು ನನಗೆ ಅರ್ಥ ಆಗಿರಲಿಲ್ಲ” ಎಂದಳು. ಈ ವಾಕ್ಯವನ್ನು ಮೂರು ತಿಂಗಳಲ್ಲಿ ಅವಳು ಯಾರಿಗೂ ಹೇಳಿರಲಿಲ್ಲ. ಪುಸ್ತಕದ ಮೊದಲನೇ ಪಾಠದಲ್ಲೇ ಇತ್ತು.

ಲ್ಯಾಬಮ್ಮ ತಿರುಗಲಿಲ್ಲ. ಆದರೆ ಪೆನ್ನು ನಿಂತಿತು. “ಅರ್ಥ ಆಗದೇನೇ ಒಳ್ಳೇದಾಯ್ತು ಅಂದೆಯಾ?”

“ಹೌದು.”

“ನಕ್ಕೆ.”

“ಹೌದು.”

“ನನ್ನ ಕೈ ಹಿಡ್ಕೊಂಡು ತಕ್ಕದ್ದೇ ಸಿಕ್ಕಿತು ಅಂದೆ.”

“ನಿಮಗೆ ಪ್ರಶಸ್ತಿ ಬಂದಿದೆ ಅಂತ ತಿಳ್ಕೊಂಡೆ.”

ಲ್ಯಾಬಮ್ಮ ಈಗ ತಿರುಗಿದರು. ಅವರ ಮುಖದ ಮೇಲೆ ನಗುವಿನಂಥದ್ದೊಂದು ಹತ್ತಿ ಬಂದು, ಅರ್ಧಕ್ಕೇ ಜಾರಿ ಬಿದ್ದಿತು. “ಪ್ರಶಸ್ತಿ” ಎಂದರು. ಆಮೇಲೆ, ಬೇಕೆಂದೇ ನಿಧಾನವಾಗಿ, ಇವಳಿಗೆ ಒಂದು ಶಬ್ದವೂ ತಪ್ಪದಿರಲಿ ಎಂಬಂತೆ ಹೇಳಿದರು: “ನಾಲ್ಕು ದಿನದಿಂದ ನಿನ್ನನ್ನ ದ್ವೇಷಿಸ್ತಾ ಇದೀನಿ. ಮನೆಗೆ ಹೋದ್ರೆ ಗಂಡನ ಹತ್ರ ನಿನ್ನದೇ ಮಾತು. ಎಲ್ಲಿಂದಲೋ ಬಂದು, ಮೂರೇ ತಿಂಗಳಲ್ಲಿ ನನ್ನ ಜಾಗಕ್ಕೆ ಕಣ್ಣು ಹಾಕಿದ್ಲು ಅಂತ. ಅದನ್ನ ಹೇಳ್ಕೊಂಡೇ ಊಟ ಸೇರ್ತಿತ್ತು, ನಿದ್ದೆ ಬರ್ತಿತ್ತು. ಈಗ ನೀನು ಬಂದು ಅದನ್ನೂ ಕಿತ್ಕೊಂಡೆ. ಇನ್ನು ನಾನು ಯಾರ ಮೇಲೆ ಸಿಟ್ಟು ಮಾಡ್ಕೊಳ್ಳಲಿ? ಆ ಆಫೀಸಿನ ಮೇಲಾ? ಅದಕ್ಕೆ ಮುಖ ಎಲ್ಲಿದೆ?”

ಅವಳ ಕತ್ತು ಅಭ್ಯಾಸಬಲದಿಂದ ಆಡಿತು. ಲ್ಯಾಬಮ್ಮ ಅದನ್ನೇ ನೋಡುತ್ತಿದ್ದರು. ಅವರ ಕಣ್ಣಿನಲ್ಲಿ ಏನೋ ಬದಲಾಯಿತು. ಸಿಟ್ಟು ಬದಿಗೆ ಸರಿದು, ಲೆಕ್ಕ ಹಾಕುವವರ ಚುರುಕು ಬಂತು.

“ಬೇರೆ ಏನೇನು ಅರ್ಥ ಆಗಿಲ್ಲ ನಿಂಗೆ?”

“ಎಲ್ಲದರಲ್ಲೂ ಅರ್ಧ.”

“ಯಾವ ಅರ್ಧ?”

“ಅದೇ ಗೊತ್ತಾಗಲ್ಲ.”

“ಮೊದಲನೇ ವಾರ ಪೆರಾಕ್ಸೈಡ್ ಬಗ್ಗೆ ಹೇಳಿದ್ದೆ. ಇಲ್ಲೇ ನಿಂತು, ಹತ್ತು ನಿಮಿಷ. ಅದು?”

ಪೆರಾಕ್ಸೈಡ್ ಎಂದರೆ ಮಣ್ಣಿನಲ್ಲಿ ಬೆರೆತ ಎಲೆ, ಬೇರು, ಕೊಳೆತದ್ದನ್ನೆಲ್ಲ ಸುಟ್ಟು ತೆಗೆಯುವ ದ್ರವ. ಊರಿನ ಕಚೇರಿಯಲ್ಲಿ ನೀರು ಬೆರೆಸಿದ್ದು ಬರುತ್ತಿತ್ತು. ಇಲ್ಲಿಯದು ಬಹಳ ಖಾರ. ಅವತ್ತು ಲ್ಯಾಬಮ್ಮ ಹೇಳಿದ್ದೆಲ್ಲ ಮೀನಿನ ಹಿಂಡಿನಂತೆ ಕಿವಿಯ ಪಕ್ಕದಿಂದ ಹಾದುಹೋಗಿತ್ತು, ಇವಳು ಹೂಂ, ಹೂಂ ಎಂದು ದಡದಲ್ಲಿ ನಿಂತಿದ್ದಳು. ಆಮೇಲೆ ದೊಡ್ಡ ಕ್ಯಾನನ್ನು ದಿನಾ ಎತ್ತುವುದು ಕಷ್ಟವೆಂದು ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ಸುರಿದುಕೊಂಡು, ಚೆಲ್ಲಬಾರದೆಂದು ಮುಚ್ಚಳವನ್ನು ಎರಡೂ ಕೈಯಿಂದ ಬಿಗಿದು ಇಟ್ಟಿದ್ದಳು. ತುಂಬ ಅಚ್ಚುಕಟ್ಟಾಗಿ.

“ಎಲ್ಲಿಟ್ಟಿದೀಯ?”

ಮಣ್ಣು ಒಣಗಿಸುವ ಓವನ್ನಿನ ಪಕ್ಕದ ಕಪಾಟನ್ನು ತೋರಿಸಿದಳು. ಲ್ಯಾಬಮ್ಮ ಅತ್ತ ನಡೆದು, ಕಪಾಟಿನ ಬಾಗಿಲನ್ನು ಗೇಣಗಲ ತೆರೆದರು. ಅವರ ಹೆಗಲ ಮೇಲಿಂದ ಅವಳಿಗೂ ಕಂಡಿತು. ಬಾಟಲಿ ಹೊಟ್ಟೆ ಉಬ್ಬಿಸಿಕೊಂಡಿತ್ತು. ತಳವೂ ಉಬ್ಬಿ, ನೆಟ್ಟಗೆ ನಿಲ್ಲಲಾಗದೆ, ಗೋಡೆಗೆ ಓರೆಯಾಗಿ ಒರಗಿತ್ತು. ಹೊರಬರಲು ದಾರಿಯಿಲ್ಲದ ಅನಿಲದ ಒತ್ತಡಕ್ಕೆ ಪ್ಲಾಸ್ಟಿಕ್ ಬಿಗಿದು ಬಿಗಿದು ಹೊಳೆಯುತ್ತಿತ್ತು. ಲ್ಯಾಬಮ್ಮ ಮಲಗಿದ ಕೂಸಿನ ಕೋಣೆಯ ಬಾಗಿಲನ್ನು ಮುಚ್ಚುವಷ್ಟು ಮೆತ್ತಗೆ ಕಪಾಟು ಮುಚ್ಚಿ, ಓವನ್ನಿನ ಸ್ವಿಚ್ ಆರಿಸಿ, ಅವಳ ಮೊಣಕೈ ಹಿಡಿದರು. “ಓಡಬೇಡ. ನಡಿ.” ಹಿಡಿತ ಎಷ್ಟು ಗಟ್ಟಿಯಾಗಿತ್ತೆಂದರೆ ಬೆರಳುಗಳ ಗುರುತು ಎರಡು ದಿನ ಉಳಿಯಿತು. ಇಪ್ಪತ್ತು ಹೆಜ್ಜೆಯ ಲ್ಯಾಬು. ಆರು ಕೊಳವೆಗಳನ್ನು ಹಾದು, ಒದ್ದೆ ಬಟ್ಟೆಯ ಚೀಟಿಯನ್ನು ಹಾದು, ಅವಳು ಬೆನ್ನೆಲ್ಲ ಕಿವಿಯಾಗಿಸಿಕೊಂಡು ನಡೆದಳು. ಹಿಂದೆ ಯಾವ ಕ್ಷಣದಲ್ಲಾದರೂ ಆಗಬಹುದಾದ ಆ ಒಂದು ಸದ್ದಿಗೆ ಭಾಷೆ ಬೇಕಿರಲಿಲ್ಲ.

ಹದಿನೈದು ನಿಮಿಷದಲ್ಲಿ ಆ ಅಂತಸ್ತೆಲ್ಲ ಖಾಲಿಯಾಯಿತು. ಕೆಳಗಿನ ಮೊಗಸಾಲೆಯಲ್ಲಿ ಇಪ್ಪತ್ತು ಮೂವತ್ತು ವಿದ್ಯಾರ್ಥಿಗಳು ಗುಂಪುಗೂಡಿದರು. ದಪ್ಪ ಕೈಗವಸು, ಮುಖಕ್ಕೆ ಗಾಜಿನ ಪರದೆ ಹಾಕಿಕೊಂಡ ಇಬ್ಬರು ಗಂಡಸರು ಮರಳು ತುಂಬಿದ ಬಕೆಟ್ಟು ಹೊತ್ತು ಮೇಲೆ ಹೋದರು. ಒಬ್ಬ ಹುಡುಗ ಮೊಬೈಲು ಮೇಲೆತ್ತಿ ಹಿಡಿದು ಚಿತ್ರ ತೆಗೆಯುತ್ತಿದ್ದ. ಪ್ರೊಫೆಸರರು ಕೋಟಿನ ಒಂದು ತೋಳು ಮಾತ್ರ ಹಾಕಿಕೊಂಡು ಓಡಿಬಂದರು. ಅವರು ನೇರ ಹೋದದ್ದು ಲ್ಯಾಬಮ್ಮನ ಹತ್ತಿರಕ್ಕೆ.

“ನಿಮ್ಮ ಲ್ಯಾಬಲ್ಲಿ ಇದು ಹೇಗಾಯ್ತು? ನೀವಿರೋವಾಗ?”

ಈ ಮಾತು ಅವಳಿಗೆ ಪೂರ್ತಿ ಅರ್ಥವಾಯಿತು. ಒಂದು ಶಬ್ದವೂ ಬಲೆಯಿಂದ ತಪ್ಪಿಸಿಕೊಳ್ಳಲಿಲ್ಲ. ಅರ್ಥವಾಗಬಾರದಿತ್ತು ಎನಿಸಿತು. ಲ್ಯಾಬಮ್ಮ “ಹೇಳಿಕೊಟ್ಟಿದ್ದೆ” ಎಂದಷ್ಟೇ ಹೇಳಿ ಗೋಡೆ ನೋಡಿದರು. ಇವಳ ಕಡೆ ಬೆರಳೂ ತೋರಿಸಲಿಲ್ಲ. ಸುಮ್ಮನಿದ್ದರೆ ಆಯಿತು ಎಂದು ಅವಳ ಒಳಗಿನಿಂದ ತಂಗಿಯ ದನಿಯೊಂದು ಹೇಳಿತು. ಹೇಗೂ ತಿಂಗಳ ಕೊನೆಗೆ ಹೋಗುವವರು, ಇನ್ನೊಂದು ತಪ್ಪು ಅವರ ಮೇಲೆ ಬಿದ್ದರೆ ಹೊಸದಾಗಿ ಹೋಗುವುದೇನಿದೆ? ಹೋಗುವುದಿತ್ತು. ಇಪ್ಪತ್ತಮೂರು ವರ್ಷ ಆ ಲ್ಯಾಬಿನಲ್ಲಿ ಒಂದು ಗಾಜೂ ಒಡೆದಿಲ್ಲ ಎಂಬುದು ಇತ್ತು. ಕಾಗದದ ಮೇಲೆ ಅವಳಿಗೆ ಗೊತ್ತಿದ್ದ ವ್ಯಾಕರಣವೆಲ್ಲ ಆ ಘಳಿಗೆಯಲ್ಲಿ ಮಣ್ಣುಪಾಲಾಯಿತು.

“ಬಾಟಲಿ ನಾನು” ಎಂದಳು. ದನಿ ಅವಳಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. “ಮುಚ್ಚಳ ನಾನು. ಇವರು ಹೇಳಿದರು. ನನಗೆ ಅರ್ಥ ಇಲ್ಲ. ಹೂಂ ಅಂದೆ. ಸೋಮವಾರವೂ ಅರ್ಥ ಇಲ್ಲ.”

“ಸೋಮವಾರ?” ಪ್ರೊಫೆಸರರು ಹುಬ್ಬು ಗಂಟಿಕ್ಕಿದರು. “ನೀವು ತಕ್ಕದ್ದೇ ಸಿಕ್ಕಿತು ಅಂದ್ರಲ್ಲ. ನಿಮ್ಮ ಕಡೆಯವರು ಇಷ್ಟು ನೇರವಾಗಿ ಮಾತಾಡ್ತಾರೇನೋ ಅಂತ ನಾನೂ ಸುಮ್ಮನಾದೆ.”

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಕ್ಯೂ ನಗುತ್ತಿದೆ ಎಂದು ಅವಳಿಗೆ ಗೊತ್ತಾಯಿತು. ಮುಖದ ಚರ್ಮ ತಾನೂ ನಗಲು ಹೊರಟಿತು. ಈ ಸಲ ಅವಳು ನಗಲಿಲ್ಲ. ನಗದೆ ನಿಂತುಕೊಳ್ಳುವುದಕ್ಕೆ, ಬೆತ್ತಲೆ ನಿಲ್ಲುವುದಕ್ಕೆ ಬೇಕಾಗುವಷ್ಟೇ ಧೈರ್ಯ ಬೇಕಾಯಿತು.

ಆ ಗಂಡಸರು ಬಾಟಲಿಯನ್ನು ಮರಳಿನಲ್ಲಿ ಹೂತು ಹಿಂದಿನ ಬಯಲಿಗೆ ಒಯ್ದು ಮುಚ್ಚಳ ಸಡಿಲಿಸಿದರಂತೆ. ಬುಸ್ಸೆಂದು ಉಸಿರು ಬಿಟ್ಟು ಸುಮ್ಮನಾಯಿತಂತೆ. ಯಾರಿಗೂ ಏನೂ ಆಗಲಿಲ್ಲ. ಮೂರು ಗಂಟೆಗೆ ಸಹಿ ಮಾಡುವುದಿರಲಿಲ್ಲ. ಬೀಗದ ಕೈ ಹಿಂದಕ್ಕೆ ಕೊಟ್ಟು, ಸೋಮವಾರ ಹನ್ನೊಂದಕ್ಕೆ ಆಫೀಸಿಗೆ ಬರಬೇಕೆಂದು ಹೇಳಿದರು. ಅವಳು “ಇನ್ನೊಮ್ಮೆ ಹೇಳಿ” ಎಂದು ಎರಡು ಸಲ ಹೇಳಿಸಿಕೊಂಡಳು. ಶನಿವಾರ, ಭಾನುವಾರ ಅವಳು ಸೂಟ್‌ಕೇಸನ್ನು ಮಂಚದ ಕೆಳಗಿನಿಂದ ಎಳೆಯುವುದು, ಒಳಕ್ಕೆ ತಳ್ಳುವುದು ಇದನ್ನೇ ಮಾಡಿದಳು. ತಂಗಿಯ ಫೋನು ಎತ್ತಲಿಲ್ಲ.

ಆದರೆ ಅವಳನ್ನು ವಿಮಾನಕ್ಕೆ ಹತ್ತಿಸಲಿಲ್ಲ. ಆಫೀಸಿನಲ್ಲಿ ಮೂವರು ಕೂತು ಒಂದೂವರೆ ಗಂಟೆ ಕೇಳಿದರು. ಎಲ್ಲ ಮುಗಿದ ಮೇಲೆ ಕೊಟ್ಟ ತೀರ್ಪು: ಒಂದು ವರ್ಷ ದಿನಾ ಬೆಳಿಗ್ಗೆ ಭಾಷೆಯ ತರಗತಿ, ಹದಿನೆಂಟರ ಹರೆಯದವರ ಜೊತೆ. ವರ್ಷದ ಕೊನೆಗೆ ಬಾಯಿಮಾತಿನ ಪರೀಕ್ಷೆ; ಪಾಸಾಗದಿದ್ದರೆ ಊರಿಗೆ. ಅಲ್ಲಿಯವರೆಗೆ ಲ್ಯಾಬಿನಲ್ಲಿ ಒಬ್ಬಳೇ ಕೆಲಸ ಮಾಡುವಂತಿಲ್ಲ. ಲ್ಯಾಬಮ್ಮನ ಹುದ್ದೆಯ ವಿಷಯದಲ್ಲಿ ಏನೂ ಬದಲಾಗಲಿಲ್ಲ. ಅವರಿಗೆ ಉಳಿದಿದ್ದ ಮೂರು ವಾರ ಅವಳ ಪಕ್ಕದಲ್ಲಿ ನಿಂತಿರಬೇಕು ಎಂಬುದೊಂದೇ ಹೊಸ ಕೆಲಸ.

ಲ್ಯಾಬಮ್ಮ ಅವಳಿಗಾಗಿ ಮಾತನ್ನು ನಿಧಾನ ಮಾಡಲಿಲ್ಲ. ಮೊದಲಿಗಿಂತ ಜೋರಾಗಿಯೇ ಓಡಿಸುತ್ತಿದ್ದರು. ಅವಳು ಪ್ರತಿ ಸಲ ಕೈ ಅಡ್ಡ ಹಿಡಿದು ನಿಲ್ಲಿಸುತ್ತಿದ್ದಳು. ಅರ್ಥ ಆಗಲಿಲ್ಲ. ಇನ್ನೂ ಆಗಲಿಲ್ಲ. ಒಂದು ದಿನ ಹದಿನೇಳು ಸಲ. “ನನ್ನ ಗಂಡನಿಗೂ ಮೂವತ್ತು ವರ್ಷದಿಂದ ಅರ್ಥ ಆಗ್ತಿಲ್ಲ, ಆದ್ರೆ ಅವನು ನಿನ್ನ ಹಾಗೆ ಕೇಳಲ್ಲ” ಎಂದರು ಒಮ್ಮೆ, ಮುಖದಲ್ಲಿ ಗೆರೆಯೂ ಅಲ್ಲಾಡದೆ. ಅದು ಅವಳಿಗೆ ಒಂದೇ ಸಲಕ್ಕೆ ಅರ್ಥವಾಯಿತು. ನಗಬಹುದೋ ಬಾರದೋ ತಿಳಿಯಲಿಲ್ಲ. ಕ್ಷಮಿಸಿದ್ದೇನೆ ಎಂದು ಲ್ಯಾಬಮ್ಮ ಯಾವತ್ತೂ ಹೇಳಲಿಲ್ಲ. ಅವಳೂ ಕೇಳಲಿಲ್ಲ, ಏನೆನ್ನುತ್ತಾರೋ ಎಂಬ ಹೆದರಿಕೆ ಇತ್ತು.

ಕೊನೆಯ ದಿನ ಸಮಾರಂಭವೇನೂ ಇರಲಿಲ್ಲ. ನಾಲ್ಕು ಗಂಟೆಗೆ ಲ್ಯಾಬಮ್ಮ ಬೂಟಿನ ದಾರ ಬಿಗಿದು, ತಮ್ಮದೊಂದು ಕಪ್ಪು, ಒಂದು ಸ್ವೆಟರು ಚೀಲಕ್ಕೆ ಹಾಕಿಕೊಂಡು ಹೊರಟರು. ಅವಳು ಬಸ್‌ಸ್ಟಾಪಿನವರೆಗೆ ಚೀಲ ಹಿಡಿದುಕೊಂಡು ಹೋದಳು. ಬಸ್ಸು ಬಂತು. ಲ್ಯಾಬಮ್ಮ ಹತ್ತಿ, ಚೀಲ ಇಸಿದುಕೊಂಡು, ಮೆಟ್ಟಿಲ ಮೇಲೆ ನಿಂತು ತಿರುಗಿ ಅವಳ ಮುಖ ನೋಡಿ ಒಂದು ಮಾತು ಹೇಳಿದರು. ಎಂಜಿನ್ನಿನ ಸದ್ದು. ಅವಳು ಕೈ ಎತ್ತಿದಳು, ಇನ್ನೊಮ್ಮೆ ಎನ್ನಲು. ಬಾಗಿಲು ಮುಚ್ಚಿಕೊಂಡಿತು. ಗಾಜಿನ ಹಿಂದೆ ಲ್ಯಾಬಮ್ಮನ ಬಾಯಿ ಮತ್ತೊಮ್ಮೆ ಅದನ್ನೇ ಹೇಳಿತು, ಬಸ್ಸು ಹೊರಟಿತು.

ಆ ಸದ್ದುಗಳು ಮಾತ್ರ ಅವಳ ಕಿವಿಯಲ್ಲಿ ಉಳಿದವು, ಅರ್ಥವಿಲ್ಲದೆ, ಇನ್ನೂ ಬೆಚ್ಚಗೆ. ಚೆಲ್ಲಿಹೋದಾವು ಎಂದು ಹೆದರಿ, ಚೀಲದಿಂದ ಪೆನ್ನು ತೆಗೆದು, ಕೇಳಿಸಿದ್ದು ಕೇಳಿಸಿದ ಹಾಗೆ ಕನ್ನಡ ಅಕ್ಷರದಲ್ಲಿ ಅಂಗೈ ಮೇಲೆ ಬರೆದುಕೊಂಡಳು. ಒಂಬತ್ತು ಅಕ್ಷರ. ಓದಿದರೆ ಯಾವ ಭಾಷೆಯೂ ಆಗಿರಲಿಲ್ಲ. ಶಾಪವಿರಬಹುದು. ಹರಕೆಯೂ ಇರಬಹುದು. ಕೊನೆಗೂ ನಿನಗೆ ಬೇಕಾದದ್ದು ಸಿಕ್ಕಿತಲ್ಲ ಎಂದಿರಬಹುದು. ತಿಳಿಯದೆ ಇಟ್ಟುಕೊಂಡರೆ ಯಾವುದು ಬೇಕೋ ಅದನ್ನೇ ಅಂದುಕೊಳ್ಳಬಹುದು ಎಂದು ಒಂದು ನಿಮಿಷ ಆಸೆಯಾಯಿತು. ಬೆಂಚಿನ ಮೇಲೆ ಮುದುಕರೊಬ್ಬರು ಪತ್ರಿಕೆ ಓದುತ್ತ ಕೂತಿದ್ದರು. ಗುರುತಿಲ್ಲದವರನ್ನು ಅವಳು ಈ ಊರಿನಲ್ಲಿ ಒಂದು ಸಲವೂ ಮಾತಾಡಿಸಿರಲಿಲ್ಲ. ಎದುರಿಗೆ ಹೋಗಿ ನಿಂತು, ಅಂಗೈ ನೋಡಿಕೊಂಡು, ಒಂಬತ್ತೂ ಅಕ್ಷರ ಓದಿದಳು. “ಇದು ಏನು?”

ಮುದುಕರು ಕನ್ನಡಕ ಮೇಲೆತ್ತಿ, ಮತ್ತೊಮ್ಮೆ ಓದಿಸಿ, ತಾವೂ ಒಂದೆರಡು ಸಲ ಅಂದು ನೋಡಿದರು. ಆಮೇಲೆ ಮುಖ ಅರಳಿಸಿದರು. “ಮೇಲಿನ ಕಿಟಕಿ ಹಾಕು, ಅಂತ. ಕಿಟಕಿ. ಯಾವ ಕಿಟಕಿ?”

ಅವಳು ಥ್ಯಾಂಕ್ಸ್ ಹೇಳಿದ್ದೂ ಅರ್ಧ. ತಿರುಗಿ ಓಡಿದಳು. ಮೂರು ಅಂತಸ್ತು ಏದುಸಿರು ಬಿಡುತ್ತ ಹತ್ತಿ, ಒಳಗಿದ್ದ ಇಬ್ಬರು ವಿದ್ಯಾರ್ಥಿಗಳು ಬೆಚ್ಚಿ ನೋಡುವಂತೆ ಬಾಗಿಲು ತಳ್ಳಿಕೊಂಡು ಹೋಗಿ, ಓವನ್ನಿನ ಮೇಲ್ಗಡೆ ಕತ್ತೆತ್ತಿ ನೋಡಿದಳು. ಬೆಳಿಗ್ಗೆ ಅವಳೇ ಜರಡಿ ಹಿಡಿದು ತಟ್ಟೆಗಳಲ್ಲಿ ಹರಡಿದ್ದ ನಯವಾದ ಮಣ್ಣು ಆಗಲೇ ಒಂದು ಮೂಲೆಯಿಂದ ಹಾರತೊಡಗಿತ್ತು. ಕಿಟಕಿ ತೆರೆದೇ ಇತ್ತು.